ಲಕ್ವಾ ಹೊಡೆದ ಕೈಗೆ ಮನೆಯಲ್ಲೇ ತಾಲೀಮು

ಪಾರ್ಶ್ವವಾಯು ಆದವರ ಮನೆಯಲ್ಲಿ ಮೊದಲ ಕೆಲವು ವಾರ ಎಲ್ಲರ ಕಣ್ಣು ಕಾಲಿನ ಮೇಲೆ. ಎದ್ದು ಕೂತರೇ, ನಿಂತರೇ, ಬಚ್ಚಲಿಗೆ ತಾವೇ ಹೋದರೇ? ಕಾಲು ಎಳೆಯುತ್ತಲಾದರೂ ನಾಲ್ಕು ಹೆಜ್ಜೆ ಹಾಕಿದ ದಿನ ಮನೆಯವರ ಅರ್ಧ ಚಿಂತೆ ಇಳಿಯುತ್ತದೆ. ಕೈಯ ಪ್ರಶ್ನೆ ಶುರುವಾಗುವುದು ಆಮೇಲೆ. ಹುಬ್ಬಳ್ಳಿ-ಧಾರವಾಡ ನಡುವಿನ ನಮ್ಮ ಬೈರಿದೇವರಕೊಪ್ಪದ ಓಣಿಗಳಲ್ಲಿ ಅದನ್ನು ಕೇಳುವ ರೀತಿ ಹೀಗೆ: "ಕಾಲ ಬಂತ್ರೀ, ಕೈ ಯಾವಾಗ ಬರತೈತಿ?"

ಕೈ ಹಿಂದೆ ಬೀಳಲು ಕಾರಣ ಮಿದುಳಿನ ಒಳಗೇ ಇದೆ. ಹೆಚ್ಚಿನವರಲ್ಲಿ ಕಟ್ಟಿಕೊಳ್ಳುವುದು ಮಿದುಳಿನ ಮಧ್ಯದ ದೊಡ್ಡ ರಕ್ತನಾಳ, ಇಲ್ಲವೇ ಅದರ ಕವಲು. ಮುಖ, ತೋಳು, ಬೆರಳುಗಳನ್ನು ಆಡಿಸುವ ಭಾಗಕ್ಕೆ ರಕ್ತ ಹೋಗುವುದು ಮುಖ್ಯವಾಗಿ ಅದರಿಂದಲೇ. ಕಾಲಿನ ಭಾಗಕ್ಕೆ ಬೇರೆ ನಾಳ ಇದೆ. ಜೊತೆಗೆ, ಸೊಂಟ-ತೊಡೆಗಳ ದೊಡ್ಡ ಸ್ನಾಯುಗಳು ಒಂದಿಷ್ಟು ಎಚ್ಚೆತ್ತರೆ ನಡಿಗೆ ಹೇಗೋ ಸಾಗುತ್ತದೆ. ಅಂಗಿಯ ಗುಂಡಿ ಹಾಕಲು, ತುತ್ತು ಕಲಸಲು ಹಾಗಲ್ಲ, ಐದು ಬೆರಳೂ ಬೇರೆಬೇರೆಯಾಗಿ ಹೇಳಿದ ಮಾತು ಕೇಳಬೇಕು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಚುರುಕು. ಆಮೇಲೆ ನಿಧಾನವಾಗುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ. "ಆರು ತಿಂಗಳಾತು, ಇನ್ನ ಮುಗೀತು" ಎಂದು ಯಾರೋ ಅಂದದ್ದನ್ನು ನಂಬಿ ಅಭ್ಯಾಸ ಬಿಟ್ಟವರಿದ್ದಾರೆ. ಪಾರಿವಾಳದ ರಕ್ತ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆಂದು ಅದೇ ಬೆಲೆಬಾಳುವ ಮೂರು ತಿಂಗಳನ್ನು ಊರೂರು ಅಲೆದು ಕಳೆದವರೂ ಇದ್ದಾರೆ.

ಈಗ ಇದಕ್ಕೆ ಇನ್ನೊಂದು ಸೇರಿದೆ. ಮಗನೋ ಮಗಳೋ ಫೋನಿನಲ್ಲಿ ಒಮ್ಮೆ ಲಕ್ವಾ ಎಂದು ಹುಡುಕಿದರೆ ಸಾಕು, ಮರುದಿನದಿಂದ ರೋಬೋಟ್ ಕೈಗವಸಿನ ಜಾಹೀರಾತುಗಳು ಬೆನ್ನು ಹತ್ತುತ್ತವೆ. ನೀಲಿಯೋ ಕಪ್ಪೋ ಬಣ್ಣದ ಗವಸು, ಬೆರಳ ಮೇಲೆ ಸುಕ್ಕುಸುಕ್ಕಾದ ಕೊಳವೆ, ತಾನಾಗಿ ಮುಚ್ಚಿ ತೆರೆಯುವ ಮುಷ್ಟಿ, ಹಿನ್ನೆಲೆಯಲ್ಲಿ ಸಂಗೀತ. ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಯಾವ ಕೈಗೆ ಯಾವ ಸಾಧನ ಎಂದು ತಿಳಿಯದೆ ಕೊಂಡರೆ ಅದು ಒಂದೆರಡು ವಾರದಲ್ಲಿ ಅಟ್ಟ ಸೇರುತ್ತದೆ, ಅಷ್ಟೆ.

ಮೊದಲು ಕೈಯನ್ನು ನೋಡಿ

ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ. ಮುಂಗೈ ಮೇಜಿನ ಮೇಲಿರಲಿ, ಅಂಗೈ ಕೆಳಮುಖವಾಗಿ ಮೇಜಿನ ಅಂಚಿನಾಚೆ ಇಳಿಬಿದ್ದಿರಲಿ. ಈಗ ಅಂಗೈಯನ್ನು ಮೇಲಕ್ಕೆ ಎತ್ತಲು ಹೇಳಿ. ಸ್ವಲ್ಪವಾದರೂ ಎದ್ದಿತೇ? ಬೆರಳುಗಳನ್ನು ಬಿಚ್ಚಲು ಹೇಳಿ. ಒಂದು ಬೆರಳಾದರೂ ಮಿಸುಕಿತೇ? ಮುಷ್ಟಿ ಕಟ್ಟುವುದನ್ನು ನೋಡುವ ಮೊದಲು ಇದನ್ನು ನೋಡಬೇಕು. ಲಕ್ವಾ ಹೊಡೆದ ಹೆಚ್ಚಿನ ಕೈಗಳಲ್ಲಿ ಮುಚ್ಚುವ ಶಕ್ತಿ ಮೊದಲು ಬರುತ್ತದೆ. ಬಿಚ್ಚುವ ಶಕ್ತಿ ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಹಿಡಿದ ಲೋಟವನ್ನು ಬಿಡಲಾಗದ ಕೈ ಹಿಡಿಯಲಾಗದ ಕೈಯಷ್ಟೇ ನಿರುಪಯೋಗಿ.

ಆದ್ದರಿಂದಲೇ ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಎಲ್ಲರೂ ಕೊಳ್ಳುವ ಆ ಹಳದಿ ನಗುಮುಖದ ಮೆತ್ತನೆ ಚೆಂಡಿನ ಬಗ್ಗೆ ನನಗೆ ತಕರಾರಿದೆ. ಸೋತು ಜೋತುಬಿದ್ದ, ಹಿಡಿತವೇ ಇಲ್ಲದ ಕೈಗೆ ಅದು ಇರಲಿ. ಆಗಲೇ ಬಿಗಿದು ಮುಷ್ಟಿಯಾಗಿರುವ ಕೈಗೆ ದಿನವಿಡೀ ಚೆಂಡು ಹಿಸುಕಿಸಿದರೆ ಬರುವ ಚಲನೆಗೇ ಮತ್ತೆ ಮತ್ತೆ ತಾಲೀಮು ಸಿಗುತ್ತದೆ, ಬಾರದ ಚಲನೆ ಹಾಗೇ ಉಳಿಯುತ್ತದೆ. ನಿಮ್ಮವರ ಕೈಗೆ ಚೆಂಡು ಬೇಕೋ ಬೇಡವೋ ಎಂಬುದನ್ನು ಫಿಸಿಯೋಥೆರಪಿಸ್ಟ್‌ ಕೈ ಮುಟ್ಟಿ ನೋಡಿ ಹೇಳಲಿ.

ಸ್ಪರ್ಶವನ್ನೂ ನೋಡಿ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳ ತುದಿ ಸವರಿ, ಯಾವ ಬೆರಳು ಎಂದು ಕೇಳಿ. ಗೊತ್ತಾಗದಿದ್ದರೆ ಆ ಕೈಗೆ ಬಿಸಿ ಚಹಾದ ಕಪ್ಪು, ಬಿಸಿನೀರಿನ ಚೀಲ, ಕರೆಂಟಿನ ಯಂತ್ರ ಎಲ್ಲವೂ ಅಪಾಯ. ಇನ್ನು ಭುಜ. ಹಾಸಿಗೆಯಿಂದ ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗುವುದು ನಮ್ಮಲ್ಲಿ ಮಾಮೂಲು. ಸ್ನಾಯುಗಳ ಬಿಗಿ ಇಲ್ಲದ ಭುಜದ ಕೀಲು ಹಾಗೆ ಜಗ್ಗಿದರೆ ಸಡಿಲಗೊಳ್ಳುತ್ತದೆ, ಆಮೇಲೆ ನೋವು. ಭುಜ ನೋಯುವ ಮನುಷ್ಯ ಬೆರಳಿನ ಅಭ್ಯಾಸಕ್ಕೆ ಕೂರುವುದಿಲ್ಲ. ಎತ್ತುವಾಗ ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಡಿ. ಕೂತಾಗ ತೋಳಿನ ಕೆಳಗೊಂದು ದಿಂಬಿರಲಿ.

ಎಣಿಕೆಯೇ ಔಷಧ

ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಥೆರಪಿ ನಡೆಯುವಾಗ ಪಕ್ಕದಲ್ಲಿ ಕೂತು ಎಣಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಕೈಯಿಂದ ನಿಜವಾದ ಕೆಲಸ ಮಾಡಿಸುವ ಅಭ್ಯಾಸ ಒಂದು ಸೆಷನ್ನಿಗೆ ಸರಾಸರಿ 32 ಸಲ ಮಾತ್ರ ನಡೆಯುತ್ತಿತ್ತು. ಪ್ರಯೋಗಾಲಯದ ಪ್ರಾಣಿಗಳಲ್ಲಿ ಮಿದುಳು ಹೊಸ ದಾರಿ ಕಟ್ಟಿಕೊಂಡದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಇವೆರಡರ ನಡುವಿನ ಅಂತರವೇ ಮನೆಯ ಅಭ್ಯಾಸಕ್ಕೆ ಇರುವ ಜಾಗ. ಗವಸು, ಆಟದ ಆ್ಯಪ್, ಕರೆಂಟಿನ ಪೆಟ್ಟಿಗೆ, ಯಾವುದೇ ಇರಲಿ, ಅದು ಎಣಿಕೆ ಹೆಚ್ಚಿಸಲು ನೆರವಾದರೆ ಉಪಯುಕ್ತ, ಇಲ್ಲದಿದ್ದರೆ ಆಟಿಕೆ.

ಎಣಿಕೆ ಹೆಚ್ಚಿಸಲು ಕಾಸು ಖರ್ಚಾಗದ ದಾರಿಗಳೂ ಇವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ರೂಪಿಸಿದ ಗ್ರಾಸ್ಪ್ ಎಂಬ ಅಭ್ಯಾಸಕ್ರಮವೇ ಇಂಥದ್ದು. ಮನೆಯಲ್ಲಿರುವ ಸಣ್ಣಪುಟ್ಟ ಸಾಮಾನುಗಳನ್ನೇ ಬಳಸಿ, ಕೈಯ ಶಕ್ತಿಗೆ ತಕ್ಕ ಹಂತದಲ್ಲಿ ರೋಗಿ ತಾನೇ ಮಾಡಿಕೊಳ್ಳುವಂತೆ ಅದನ್ನು ಹೆಣೆದಿದ್ದಾರೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಒಂದು ಬಟ್ಟಲಿನ ಕಡಲೆಯನ್ನು ಒಂದೊಂದಾಗಿ ಇನ್ನೊಂದಕ್ಕೆ ಹಾಕುವುದು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತಟ್ಟೆಯ ಅಂಚಿಗೆ ಸಿಕ್ಕಿಸಿ ತೆಗೆಯುವುದು. ಡಬ್ಬಿಯ ಮುಚ್ಚಳ ತಿರುಗಿಸುವುದು. ಖಾಲಿ ಲೋಟಗಳನ್ನು ಒಂದರ ಮೇಲೊಂದು ಪೇರಿಸಿ ಮತ್ತೆ ಇಳಿಸುವುದು. ಹಿಟ್ಟು ನಾದುವುದಂತೂ ಎರಡೂ ಕೈಗೆ, ಭುಜಕ್ಕೆ, ಮಣಿಕಟ್ಟಿಗೆ ಒಟ್ಟಿಗೇ ಕೆಲಸ ಕೊಡುತ್ತದೆ. ಹೆಬ್ಬೆರಳ ಹಿಡಿತ ಇನ್ನೂ ಬಾರದವರು ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಅಂಗೈ ಇಟ್ಟು ಮುಂದಕ್ಕೆ ಜಾರಿಸುವುದರಿಂದ ಶುರು ಮಾಡಬಹುದು.

ಈ ಭಾಗದ ಹೆಂಗಸರಿಗೆ ರೊಟ್ಟಿ ಬಡಿಯುವುದೇ ದೊಡ್ಡ ಪರೀಕ್ಷೆ. ಬಲಗೈ ಬಡಿಯುವಾಗ ಹಿಟ್ಟನ್ನು ತಿರುಗಿಸುತ್ತ, ಅಂಚನ್ನು ಕಾಯುತ್ತ ಎಡಗೈಯೂ ದುಡಿಯುತ್ತದೆ. ಎಡಗೈಗೆ ಲಕ್ವಾ ಆದವರು "ಹ್ಯಾಂಗೂ ಬಲಗೈ ಚಲೋ ಐತೆಲ್ಲ" ಎನ್ನುವ ಸಮಾಧಾನದ ಮಾತು ಕೇಳಿ ಯಾಕೆ ಸಿಡಿಮಿಡಿಗೊಳ್ಳುತ್ತಾರೆಂದು ಒಂದು ಸಲ ಒಂದೇ ಕೈಯಲ್ಲಿ ರೊಟ್ಟಿ ಮಾಡಲು ಹೋದರೆ ತಿಳಿಯುತ್ತದೆ. ಅಭ್ಯಾಸಕ್ಕೆ ಮರಳುವಾಗ ಒಲೆ ಹೊತ್ತಿಸದೆ, ನೆಲದ ಬದಲು ಮೇಜಿನ ಮೇಲೆ, ಸಣ್ಣ ಮುದ್ದೆ ಹಿಟ್ಟಿನಿಂದ ಆರಂಭಿಸಿ. ರೊಟ್ಟಿ ಹರಿದರೆ ಹರಿಯಲಿ, ಹಿಟ್ಟು ಮತ್ತೆ ಮುದ್ದೆಯಾಗುತ್ತದೆ.

ಎಷ್ಟು ಸಲ ಮಾಡಿದರೆಂದು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ. ದಿನಕ್ಕೆ ಮೂರು-ನಾಲ್ಕು ಕಂತಿನಲ್ಲಿ ಮಾಡುವುದು ಒಂದೇ ಸಲ ದಣಿಯುವುದಕ್ಕಿಂತ ಮೇಲು.

ಗವಸು ಏನು ಮಾಡುತ್ತದೆ

ಆನ್‌ಲೈನಿನಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುವ ಗವಸುಗಳಲ್ಲಿ ಬಹುಪಾಲು ಗಾಳಿಯಿಂದ ನಡೆಯುವಂಥವು. ಸಣ್ಣ ಪಂಪು ಕೊಳವೆಗಳಿಗೆ ಗಾಳಿ ತುಂಬಿದಾಗ ಬೆರಳು ಒಂದು ಕಡೆ ಹೋಗುತ್ತದೆ, ಎಳೆದುಕೊಂಡಾಗ ಇನ್ನೊಂದು ಕಡೆ. ಕೆಲವದರಲ್ಲಿ ಒಳ್ಳೆಯ ಕೈಗೂ ಒಂದು ಗವಸು ಬರುತ್ತದೆ. ಅದು ಮುಚ್ಚಿದರೆ ಇದೂ ಮುಚ್ಚುತ್ತದೆ. ಕೀಲುಗಳು ಜಡ್ಡುಗಟ್ಟದಂತೆ ಆಡಿಸಲು ಇದು ಅನುಕೂಲ. ಆದರೆ ರೋಗಿ ಟಿವಿ ನೋಡುತ್ತ ಕೂತು, ಗವಸು ತನ್ನಷ್ಟಕ್ಕೆ ಮುಚ್ಚಿ ತೆರೆದರೆ ಮಿದುಳಿಗೆ ಕಲಿಯಲು ಏನೂ ಇರುವುದಿಲ್ಲ.

ನಮ್ಮ ಓಣಿಯಲ್ಲಿ, ಅಮರಗೋಳದ ಎಪಿಎಂಸಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರ ಮನೆಗೆ ಇಂಥದೊಂದು ಪೆಟ್ಟಿಗೆ ಬಂತು. ಸೊಸೆ ಒಂದೊಂದೇ ಬೆರಳನ್ನು ತುದಿ ಹಿಡಿದು ಎಳೆದು ಗವಸಿಗೆ ತೂರಿಸಲು ನೋಡಿದರೆ ಕೈ ಇನ್ನಷ್ಟು ಬಿಗಿಯಿತು. ಕಿರುಬೆರಳು ಒಳಹೋಗುವಷ್ಟರಲ್ಲಿ ತೋರುಬೆರಳು ಹೊರಗೆ. "ಮಷೀನ್ ಬಂತು, ಕೈನ ಒಳಗ ಹೋಗವಲ್ದು" ಎಂದು ಅವರು ನಕ್ಕರು. ಮನೆಗೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ ಬೆರಳಿಗೆ ಕೈ ಹಚ್ಚಲೇ ಇಲ್ಲ. ಮೊದಲು ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿದಳು. ಬಿಗಿದ ಬೆರಳುಗಳು ತಾವೇ ಸಡಿಲವಾದವು. ಹೆಬ್ಬೆರಳನ್ನು ತುದಿಯಿಂದ ಎಳೆಯದೆ ಬುಡದಿಂದ ಹೊರಗೆ ತಂದಳು. ಆಮೇಲೆ ಗವಸು ತೊಡಿಸಿ, ನಿಧಾನ ಮಣಿಕಟ್ಟನ್ನು ನೇರ ಮಾಡಿದಳು. ಪಂಪಿನ ಗುಂಡಿ ಒತ್ತುವ ಮೊದಲು ಅಂದಳು: "ಕಾಕಾ, ಮೊದಲ ನೀವ ಬಿಚ್ಚಾಕ ನೋಡ್ರಿ. ನಿಮ್ಮ ಕಡೆಯಿಂದ ಆಗೂದು ಮುಗದ ಮ್ಯಾಲೆ ಮಷೀನ್ ಬಿಚ್ಚಲಿ." ಗವಸು ಬಳಸುವ ಕ್ರಮ ಪೂರ್ತಿ ಆ ಮಾತಿನಲ್ಲೇ ಇದೆ.

ಈ ಸಾಧನಗಳ ಬಗ್ಗೆ ಎಷ್ಟು ಆಸೆ ಇಟ್ಟುಕೊಳ್ಳಬಹುದು? ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ನಡೆದ ರಾಟುಲ್ಸ್ ಅಧ್ಯಯನ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಬಳಸಿದ್ದು ಆಸ್ಪತ್ರೆಯ ದೊಡ್ಡ ರೋಬೋಟುಗಳನ್ನು. ಆದರೂ ಮಾಮೂಲಿ ಚಿಕಿತ್ಸೆಗಿಂತ ತೋಳಿನ ಉಪಯೋಗ ಹೆಚ್ಚಿದ್ದು ಕಾಣಲಿಲ್ಲ. ಯಂತ್ರ ತೋಳನ್ನು ಆಡಿಸುವುದು ಬೇರೆ, ಆ ತೋಳು ಊಟಕ್ಕೆ, ಸ್ನಾನಕ್ಕೆ ಬಳಕೆಯಾಗುವುದು ಬೇರೆ. ಹಾಗೆಂದು ಮನೆಯವರ ಪ್ರೀತಿಯೊಂದೇ ಸಾಕೆಂದೂ ಅಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು ನಡೆದ ಅಟೆಂಡ್ ಅಧ್ಯಯನ 2017ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕುಟುಂಬದವರಿಗೆ ತರಬೇತಿ ಕೊಟ್ಟು ಮನೆಯಲ್ಲಿ ಮಾಡಿಸಿದರೂ ಆರು ತಿಂಗಳ ಹೊತ್ತಿಗೆ ಫಲಿತಾಂಶದಲ್ಲಿ ವ್ಯತ್ಯಾಸ ಬರಲಿಲ್ಲ. ಇದನ್ನು ಓದಿ ನನಗನಿಸಿದ್ದಿಷ್ಟು: ಮನೆಯಲ್ಲಿ ಮಾಡಿಸುವವರೂ ಬೇಕು, ವಾರಕ್ಕೋ ಹದಿನೈದು ದಿನಕ್ಕೋ ಕೈ ನೋಡಿ "ಇದು ಸುಲಭ ಆತು, ಇನ್ನ ಮುಂದಿಂದು ಮಾಡ್ರಿ" ಎಂದು ಅಭ್ಯಾಸ ಬದಲಿಸುವ ತಜ್ಞರೂ ಬೇಕು.

ನಮ್ಮವರೇ ಮಾಡಿದ ಸಾಧನಗಳು ಈ ಎರಡನೆಯ ಕೊರತೆಯನ್ನೇ ಗುರಿಯಾಗಿಸಿಕೊಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಅವೀಕ್ ಬಿದ್ ಮತ್ತು ಅವರ ತಂಡ 2022ರಲ್ಲಿ ಒಂದು ಗವಸನ್ನು ಮುಂದಿಟ್ಟಿತು. ತ್ರೀ-ಡಿ ಪ್ರಿಂಟರಿನಲ್ಲಿ ರೋಗಿಯ ಕೈಯ ಅಳತೆಗೆ ತಕ್ಕಂತೆ ತಯಾರಾಗುವ ಅದರ ಮೆತ್ತನೆಯ ವಸ್ತುವಿನೊಳಗೆ ಬೆಳಕು ಹಾಯುತ್ತದೆ. ಬೆರಳು ಬಾಗಿದಂತೆ ಆ ಬೆಳಕಿನಲ್ಲಿ ಆಗುವ ಬದಲಾವಣೆಯಿಂದ ಯಾವ ಗೆಣ್ಣು ಎಷ್ಟು ಬಾಗಿತು ಎಂಬುದು ತಿಳಿಯುತ್ತದೆ. ಥೆರಪಿಸ್ಟ್ ದೂರದಿಂದಲೇ ಅದನ್ನು ನೋಡಿ ಚಿಕಿತ್ಸೆ ನಡೆಸಬಹುದು. ಸಾವಿರ ರೂಪಾಯಿಗಿಂತ ಕಡಿಮೆಗೆ ಕೊಡಬಹುದೆಂದು ಆಗ ಅಂದಾಜಿಸಿದ್ದರು. ವೆಲ್ಲೂರಿನ ಸಿಎಂಸಿ ಮತ್ತು ಮದ್ರಾಸ್ ಐಐಟಿಯವರು ಸೇರಿ ಮಾಡಿದ ಪ್ಲೂಟೊ ಮೇಜಿನ ಮೇಲಿಡುವ ಸಣ್ಣ ರೋಬೋಟ್. ಇರುವುದು ಒಂದೇ ಮೋಟಾರು. ಹಿಡಿ ಬದಲಿಸಿ ಸಿಕ್ಕಿಸಿದರೆ ಮಣಿಕಟ್ಟು ಎತ್ತಿಳಿಸಲು, ಮುಂಗೈ ತಿರುಗಿಸಲು, ಬೆರಳು ಬಿಚ್ಚಿ ಮುಚ್ಚಲು ಬೇರೆಬೇರೆ ಅಭ್ಯಾಸ. ರೋಗಿ ಕಂಪ್ಯೂಟರಿನಲ್ಲಿ ಆಟ ಆಡುತ್ತ ಎಣಿಕೆ ದಾಟುತ್ತಾನೆ. ಆನ್‌ಲೈನ್ ಅಂಗಡಿಯ ಗಾಳಿ ಗವಸು ಇವೆರಡೂ ಅಲ್ಲ ಎಂಬುದನ್ನು ನೆನಪಿಡಿ. ಅದನ್ನು ಮಾರುವವರು ಇವುಗಳ ಹೆಸರು ಹೇಳಿದರೆ ದಾಖಲೆ ಕೇಳಿ.

ಕರೆಂಟಿನ ಪೆಟ್ಟಿಗೆ

ಸ್ನಾಯುವಿಗೆ ಸಣ್ಣ ವಿದ್ಯುತ್ ಕೊಟ್ಟು ಅದನ್ನು ಕುಗ್ಗಿಸುವ ಯಂತ್ರ ಗವಸಿಗಿಂತ ಹಳೆಯದು. ಬಿಚ್ಚುವ ಶಕ್ತಿ ಇಲ್ಲದ ಕೈಗೆ ನನ್ನ ಆಯ್ಕೆ ಮೊದಲು ಇದು. ಕೊಳ್ಳುವಾಗ ಒಂದು ವ್ಯತ್ಯಾಸ ತಿಳಿದಿರಲಿ: ಟೆನ್ಸ್ ಎಂದು ಮಾರುವುದು ನೋವು ತಗ್ಗಿಸಲು, ಸ್ನಾಯು ಕುಗ್ಗಿಸುವ ಯಂತ್ರಕ್ಕೆ ಇಎಂಎಸ್ ಅಥವಾ ಎನ್‌ಎಂಇಎಸ್ ಎಂದಿರುತ್ತದೆ. ಎರಡೂ ಇರುವ ಪೆಟ್ಟಿಗೆಗಳೂ ಉಂಟು. ಪ್ಯಾಡುಗಳನ್ನು ಅಂಟಿಸುವುದು ಮುಂಗೈಯ ಹಿಂಬದಿಗೆ. ಸರಿಯಾದ ಜಾಗ ಬೆರಳಗಲದಷ್ಟು ತಪ್ಪಿದರೂ ಬೆರಳ ಬದಲು ಮಣಿಕಟ್ಟು ಮಾತ್ರ ಏಳುತ್ತದೆ. ಮೊದಲ ಸಲ ಥೆರಪಿಸ್ಟ್ ಜಾಗ ಹುಡುಕಿಕೊಟ್ಟಾಗ ಪೆನ್ನಿನಿಂದ ಗುರುತು ಹಾಕಿಸಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಕೈಗೆ ಎಣ್ಣೆ ಹಚ್ಚಿದ್ದರೆ ಸೋಪಿನಲ್ಲಿ ತೊಳೆದೇ ಅಂಟಿಸಿ, ಎಣ್ಣೆಯ ಮೇಲೆ ಪ್ಯಾಡು ನಿಲ್ಲುವುದಿಲ್ಲ. ಇಲ್ಲೂ ಅದೇ ನಿಯಮ: ಕರೆಂಟು ಬಂದಾಗ ರೋಗಿ ತಾನೂ ಬೆರಳು ಎತ್ತಲು ಯತ್ನಿಸಬೇಕು.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಬಳಸಕೂಡದು. ಫಿಟ್ಸ್ ಬರುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ, ಗಾಯದ ಮೇಲೆ ಅಂಟಿಸುವಂತೆಯೂ ಇಲ್ಲ.

ಕನ್ನಡಿ ಮತ್ತು ಕಟ್ಟಿದ ಕೈ

ಬೆರಳು ಸ್ವಲ್ಪವೂ ಆಡದವರಿಗೆ ಕನ್ನಡಿ ಇದೆ. ಕೈ ಕಳೆದುಕೊಂಡವರನ್ನು ಕಾಡುವ ಇಲ್ಲದ ಕೈಯ ನೋವಿಗೆ ಕನ್ನಡಿ ಬಳಸಿ ನೋಡಿದವರು ವಿ. ಎಸ್. ರಾಮಚಂದ್ರನ್, 1999ರಲ್ಲಿ ಅದನ್ನು ಪಾರ್ಶ್ವವಾಯುವಿನ ಕೈಗೂ ಬಳಸಿದ ವರದಿ ಬಂತು. ಅಗಲವಾದ ಕನ್ನಡಿಯನ್ನು ಎದೆಯ ನಡುಮಧ್ಯಕ್ಕೆ ಉದ್ದುದ್ದ ನಿಲ್ಲಿಸಿ, ಸೋತ ಕೈ ಅದರ ಹಿಂದೆ, ಒಳ್ಳೆಯ ಕೈ ಮುಂದೆ. ಒಳ್ಳೆಯ ಕೈ ಆಡಿಸುತ್ತ ಬಿಂಬವನ್ನೇ ನೋಡಬೇಕು. ಸೋತ ಕೈಯೇ ಆಡುತ್ತಿದೆ ಎಂದು ಕಣ್ಣು ಮಿದುಳಿಗೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು. ಉಂಗುರ, ಗಡಿಯಾರ, ಬಳೆ ತೆಗೆದಿಡಬೇಕು, ಇಲ್ಲದಿದ್ದರೆ ಬಿಂಬ "ನನ್ನ ಕೈ ಅಲ್ಲ" ಎನಿಸುತ್ತದೆ. ಬಳೆ ತೆಗೆಯಲು ಒಪ್ಪದ ಹಿರಿಯ ಹೆಂಗಸರಿಗೆ ಎರಡೂ ಕೈಗೆ ಒಂದೇ ಬಣ್ಣದ, ಸಡಿಲ ಬಳೆ ಹಾಕಿಸಿ ಕೂರಿಸಬಹುದು.

ಮಣಿಕಟ್ಟು, ಬೆರಳು ಸ್ವಲ್ಪ ಮೇಲೇಳುವವರಿಗೆ ಇನ್ನೊಂದು ದಾರಿ: ಒಳ್ಳೆಯ ಕೈಗೆ ದಪ್ಪ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನದಲ್ಲಿ ಲಕ್ವಾ ಆಗಿ ಮೂರರಿಂದ ಒಂಬತ್ತು ತಿಂಗಳಾದವರೂ ಎರಡು ವಾರದ ಇಂಥ ಅಭ್ಯಾಸದಿಂದ ಸುಧಾರಿಸಿದರು. ಮನೆಯಲ್ಲಿ ದಿನಕ್ಕೆ ಒಂದೆರಡು ಗಂಟೆ, ಕೂತಲ್ಲೇ, ಥೆರಪಿಸ್ಟ್ ಹೇಳಿದಂತೆ ಮಾಡಿ. ಒಳ್ಳೆಯ ಕೈ ಕಟ್ಟಿಕೊಂಡು ನಡೆದಾಡುವುದು, ಒಲೆಯ ಮುಂದೆ ನಿಲ್ಲುವುದು ಬೇಡವೇ ಬೇಡ. ಬಿದ್ದರೆ ಹಿಡಿದುಕೊಳ್ಳಲು ಕೈ ಇರುವುದಿಲ್ಲ.

ಯಾರ ಹತ್ತಿರ ಹೋಗುವುದು

ಈ ವಿಷಯದಲ್ಲಿ ಬೈರಿದೇವರಕೊಪ್ಪದವರು ಪುಣ್ಯವಂತರು. ಹುಬ್ಬಳ್ಳಿ ಕಡೆಗೆ ಹೋದರೆ ವಿದ್ಯಾನಗರದಲ್ಲಿ, ಹೆಸರು ಬದಲಾದರೂ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ. ಧಾರವಾಡ ಕಡೆಗೆ ಹೋದರೆ ಸತ್ತೂರಿನ ಎಸ್‌ಡಿಎಂ, ಅಲ್ಲಿ ಫಿಸಿಯೋಥೆರಪಿ ಕಾಲೇಜೇ ಇದೆ. ಎರಡೂ ಚಿಗರಿ ಬಸ್ಸಿನ ದಾರಿಯಲ್ಲಿವೆ. ಚಿಗರಿಯ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಎತ್ತರಕ್ಕೇ ಇರುವುದರಿಂದ ಕಾಲು ಎಳೆಯುವವರು ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಕಷ್ಟ ಇರುವುದು ನಡುರಸ್ತೆಯ ನಿಲ್ದಾಣ ತಲುಪಲು ರಸ್ತೆ ದಾಟುವುದರಲ್ಲಿ. ಸೋತ ಕೈಯ ಕಡೆಗೆ ಒಬ್ಬರು ಜೊತೆಗಿರಲಿ.

ಪ್ರತಿ ಸಲ ಹೋಗಲಾಗದವರು ವಿಡಿಯೊ ಕರೆಯ ಥೆರಪಿ ಕೇಳಿ. ಅಮೆರಿಕದ 124 ರೋಗಿಗಳ ಅಧ್ಯಯನವೊಂದು 2019ರಲ್ಲಿ ಬಂತು. ಮನೆಯಲ್ಲಿ ಕಂಪ್ಯೂಟರ್ ಮುಂದೆ 36 ಸೆಷನ್ ಮಾಡಿದವರ ತೋಳು, ಕ್ಲಿನಿಕ್ಕಿಗೆ ಹೋಗಿ ಅಷ್ಟೇ ಮಾಡಿದವರ ತೋಳಿಗಿಂತ ಹಿಂದೆ ಬೀಳಲಿಲ್ಲ. ಫೋನನ್ನು ಮುಖಕ್ಕೆ ಹಿಡಿಯದೆ ಕೈ ಮತ್ತು ಭುಜ ಎರಡೂ ಕಾಣುವಂತೆ ಪಕ್ಕದಲ್ಲಿ ನಿಲ್ಲಿಸಿ. ಅಭ್ಯಾಸ ಮಾಡುವಾಗ ಭುಜ ಮೇಲೆದ್ದು ಮೈ ವಾಲಿಸುವುದೇ ಎಲ್ಲರೂ ಮಾಡುವ ಕಳ್ಳಾಟ, ಥೆರಪಿಸ್ಟ್‌ಗೆ ಕಾಣಬೇಕಾದ್ದು ಅದೇ. ಮುಷ್ಟಿ ತೀರ ಬಿಗಿದು ಅಂಗೈಗೆ ಉಗುರು ಚುಚ್ಚುವಂತಾದರೆ ನರತಜ್ಞರನ್ನು ಕಾಣಿ. ಬಿಗಿತ ಸಡಿಲಿಸುವ ಇಂಜೆಕ್ಷನ್ನಿನ ಪರಿಣಾಮ ಸುಮಾರು ಮೂರು ತಿಂಗಳು ಇರುತ್ತದೆ. ಆ ಮೂರು ತಿಂಗಳಲ್ಲಿ ಅಭ್ಯಾಸ ಮಾಡದಿದ್ದರೆ ದುಡ್ಡು ದಂಡ. ಕೈ ಊದಿ, ಕೆಂಪಾಗಿ, ಮುಟ್ಟಿದರೆ ಉರಿಯುವಂತಾದರೆ ಅಭ್ಯಾಸ ನಿಲ್ಲಿಸಿ ತೋರಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಇನ್ನೊಂದು ಕೈಯೂ ಸೋತಂತಾದರೆ ತಡಮಾಡದೆ 108ಕ್ಕೆ ಫೋನು ಮಾಡಿ. ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಗಡುವಿದೆ.

ಶಾಶ್ವತ ನ್ಯೂನತೆ ಶೇ 40ಕ್ಕಿಂತ ಕಡಿಮೆ ಇಲ್ಲದವರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು, ಪಿಂಚಣಿ-ಸೌಲಭ್ಯಗಳಿಗೆ ಅದೇ ಆಧಾರ.

ಇಷ್ಟೆಲ್ಲ ಆದಮೇಲೂ ಗವಸು ಬೇಕೆನಿಸಿದರೆ, ಎಡಗೈಯದೋ ಬಲಗೈಯದೋ ಎಂದು ಎರಡು ಸಲ ನೋಡಿ ಆರ್ಡರ್ ಮಾಡಿ, ಅಳತೆಯನ್ನು ಊತವಿರುವ ಕೈಯಿಂದಲೇ ತೆಗೆಯಿರಿ. ವಿದ್ಯುತ್ ಹೋದಾಗಲೂ ನಡೆಯುವ ಬ್ಯಾಟರಿಯದ್ದು, ಬೆರಳುಗಳನ್ನು ಬೇರೆಬೇರೆಯಾಗಿ ಆಡಿಸಬಲ್ಲದ್ದು ಮೇಲು. ಗವಸು ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಕೇಳಿ, ಪಂಪಿಗಿಂತ ಮೊದಲು ಹರಿಯುವುದು ಅದೇ. ಪೆಟ್ಟಿಗೆ ಬಂದ ಮೇಲೆ ಹಬ್ಬಕ್ಕೋ ಒಳ್ಳೆಯ ದಿನಕ್ಕೋ ಕಾಯಬೇಡಿ. ಮರಳಿಸುವ ಅವಧಿ ಮುಗಿಯುವುದರೊಳಗೆ ಥೆರಪಿಸ್ಟ್ ಎದುರಿನಲ್ಲೇ ತೊಡಿಸಿ ನೋಡಿ, ಹೆಬ್ಬೆರಳು ನೆಟ್ಟಗೆ ಕೂರದಿದ್ದರೆ ಅಂದೇ ವಾಪಸ್ ಕಳಿಸಿ.